ಬರೆದು ಹಗುರಾಗುವುದು

ಬದುಕಿನಲ್ಲಿ ನಡೆದುಹೋದ ನೋವಿನ ಸಂಗತಿಯನ್ನು ಅನುಭವಿಸಿದವರೇ ಕೂತು ಬರೆದರೆ ಮನಸ್ಸಿಗೆ, ಕೆಲವೊಮ್ಮೆ ಮೈಗೂ, ಚೇತರಿಕೆ ಸಿಗುತ್ತದೆ. ಮನೋವಿಜ್ಞಾನ ಇದನ್ನು ನಾಲ್ಕು ದಶಕಗಳಿಂದ ಪರೀಕ್ಷಿಸುತ್ತ ಬಂದಿದೆ. ಈ ಬರವಣಿಗೆ ದಿನಚರಿಗಿಂತ ಬೇರೆ. ದಿನಚರಿ ಆಯಾ ದಿನದ ಸಂಗತಿಗಳನ್ನು ಗುರುತು ಹಾಕಿಕೊಳ್ಳುತ್ತದೆ. ಆತ್ಮಕಥೆಗಿಂತಲೂ ಬೇರೆ, ಆತ್ಮಕಥೆ ಓದುಗರನ್ನು ಎದುರಿಗೆ ಇಟ್ಟುಕೊಂಡೇ ಹುಟ್ಟುತ್ತದೆ. ಇಲ್ಲಿ ಬರೆಯುವುದು ಯಾರಿಗೂ ಹೇಳಿಕೊಳ್ಳಲಾಗದೆ ಹೊಟ್ಟೆಯೊಳಗೆ ಇಟ್ಟುಕೊಂಡ ಒಂದು ವಿಷಯವನ್ನು: ಮನೆಯಲ್ಲಾದ ಸಾವು, ಬಾಲ್ಯದ ಹೊಡೆತ, ಮುರಿದ ಮದುವೆ, ಊರೆದುರು ಆದ ಅವಮಾನ, ಕಾಯಿಲೆ. ಬರೆದದ್ದನ್ನು ಬೇರೆ ಯಾರೂ ಓದಬೇಕಾಗಿಲ್ಲ. ಹೇಳಿಕೊಂಡರೆ ಎದೆ ಹಗುರಾಗುತ್ತದೆ ಎಂಬ ಮಾತು ಪ್ರತಿ ಹಳ್ಳಿಯಲ್ಲೂ ಉಂಟು. ಆದರೆ ಹೇಳಿಕೊಳ್ಳಲು ಕೇಳುವವರು ಬೇಕು, ಕೇಳಿದವರು ಗುಟ್ಟು ಕಾಯಬೇಕು. ಕಾಗದ ಈ ಎರಡು ಕಷ್ಟಗಳನ್ನೂ ತಪ್ಪಿಸುತ್ತದೆ.

ಇದನ್ನು ಮೊದಲು ಶಿಸ್ತಿನಿಂದ ಪರೀಕ್ಷೆಗೆ ಒಡ್ಡಿದವರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್. ಅವರು ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ ಸತತವಾಗಿ, ದಿನಕ್ಕೆ 15 ನಿಮಿಷ ಬರೆದರು. ಕೆಲವರಿಗೆ ಕೊಟ್ಟ ವಿಷಯ ತಮ್ಮ ಬದುಕಿನ ಅತಿ ನೋವಿನ ಘಟನೆ. ಉಳಿದವರಿಗೆ ಭಾವನೆಗೆ ಸಂಬಂಧವೇ ಇಲ್ಲದ ಸಾಮಾನ್ಯ ವಿಷಯ. ನೋವಿನ ಗುಂಪಿನಲ್ಲೂ ಕೆಲವರು ನಡೆದದ್ದನ್ನಷ್ಟೇ ಬರೆಯಬೇಕಿತ್ತು, ಕೆಲವರು ಅನಿಸಿದ್ದನ್ನಷ್ಟೇ, ಮತ್ತೆ ಕೆಲವರು ಎರಡನ್ನೂ. ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಕಡಿಮೆ ಸಲ ಹೋದವರು ಎರಡನ್ನೂ ಬರೆದವರು. ಈ ಫಲಿತಾಂಶಕ್ಕೆ ಇನ್ನೊಂದು ಮುಖವಿದೆ, ಅದನ್ನು ಮರೆಯಬಾರದು. ಬರೆದು ಮುಗಿಸಿದ ಹೊತ್ತಿಗೆ ಇದೇ ವಿದ್ಯಾರ್ಥಿಗಳ ಮನಸ್ಸು ಇತರರಿಗಿಂತ ಹೆಚ್ಚು ಕುಗ್ಗಿತ್ತು, ರಕ್ತದೊತ್ತಡ ಏರಿತ್ತು. ಹಗುರಾಗುವುದು ಆಮೇಲಿನ ಮಾತು. ಮೊದಲು ಭಾರವೇ ಆಗುತ್ತದೆ.

ಅಲ್ಲಿಂದಾಚೆ ಇಂಥ ಅಧ್ಯಯನಗಳು ನೂರಾರು ಆದವು. 1994ರಲ್ಲಿ ಕೆಲಸ ಕಳೆದುಕೊಂಡ ಎಂಜಿನಿಯರ್‌ಗಳ ಮೇಲೆ ನಡೆದದ್ದು ಸ್ವಾರಸ್ಯದ್ದು: ಕೆಲಸ ಹೋದ ಸಂಕಟವನ್ನು ಬರೆದವರಿಗೆ ಬೇರೆಯವರಿಗಿಂತ ಬೇಗ ಹೊಸ ಕೆಲಸ ಸಿಕ್ಕಿತು. 1999ರಲ್ಲಿ ಜೋಶುವಾ ಸ್ಮಿತ್ ಮತ್ತು ಸಂಗಡಿಗರು ಉಬ್ಬಸ ಹಾಗೂ ಸಂಧಿವಾತದ ರೋಗಿಗಳಿಂದ ಮೂರು ದಿನ, ದಿನಕ್ಕೆ 20 ನಿಮಿಷ ಬರೆಸಿದರು. ನಾಲ್ಕು ತಿಂಗಳ ಮೇಲೆ ವೈದ್ಯರು ಪರೀಕ್ಷಿಸಿದಾಗ ನೋವಿನ ಘಟನೆಯನ್ನು ಬರೆದವರಲ್ಲಿ 100ಕ್ಕೆ ಸುಮಾರು 47 ಮಂದಿಯ ಕಾಯಿಲೆ ಎದ್ದು ಕಾಣುವಷ್ಟು ಸುಧಾರಿಸಿತ್ತು. ಸಾಮಾನ್ಯ ವಿಷಯ ಬರೆದವರಲ್ಲಿ ಸುಮಾರು 24 ಮಂದಿಗೆ ಮಾತ್ರ ಹಾಗಾಗಿತ್ತು. ಇಂಥ ಅಂಕಿಗಳನ್ನು ನೋಡಿ ಬರವಣಿಗೆ ಸರ್ವರೋಗಕ್ಕೂ ಮದ್ದು ಎಂದುಕೊಂಡರೆ ಮೋಸ ಹೋಗುತ್ತೇವೆ. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ ಉಪಯೋಗ ಇರುವುದು ನಿಜವೆಂದೂ ಸರಾಸರಿಯಲ್ಲಿ ಅದು ಸಣ್ಣದೆಂದೂ ತಿಳಿದುಬಂತು. ಕೆಲವರಿಗೆ ಬಹಳ ಒದಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಖರ್ಚಿಲ್ಲದ, ದಿನಕ್ಕೆ ಅರ್ಧ ಗಂಟೆಯೂ ಹಿಡಿಯದ ಕೆಲಸಕ್ಕೆ ಆ ಸಣ್ಣ ಉಪಯೋಗವೂ ಕಡಿಮೆಯದಲ್ಲ.

ಇದು ಕೆಲಸ ಮಾಡುವುದು ಹೇಗೆ? ಒಳಗೇ ಅದುಮಿಟ್ಟುಕೊಳ್ಳುವುದಕ್ಕೆ ದೇಹ ಸದಾ ಶ್ರಮಪಡುತ್ತಿರುತ್ತದೆ, ಬರೆದರೆ ಆ ಶ್ರಮ ತಪ್ಪುತ್ತದೆ ಎಂಬುದು ಪೆನ್ನೆಬೇಕರ್ ಅವರ ಮೊದಲ ವಿವರಣೆ. ಅಷ್ಟರಿಂದಲೇ ಎಲ್ಲವೂ ತಿಳಿಯುವುದಿಲ್ಲ ಎಂದು ಅವರಿಗೇ ಆಮೇಲೆ ಕಂಡಿತು. ಬರೆದವರ ಮಾತುಗಳನ್ನು ಕಂಪ್ಯೂಟರಿನಿಂದ ಎಣಿಸಿ ನೋಡಿದಾಗ, ಹೆಚ್ಚು ಸುಧಾರಿಸಿದವರ ಬರಹದಲ್ಲಿ ದಿನ ಕಳೆದ ಹಾಗೆ ಒಂದು ಬದಲಾವಣೆ ಕಂಡುಬಂತು. ಮೊದಲ ದಿನ ಚೆಲ್ಲಾಪಿಲ್ಲಿಯಾಗಿದ್ದದ್ದು ಕೊನೆಯ ದಿನಕ್ಕೆ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಬರಹವಾಗಿತ್ತು. ಯಾಕೆ ಹೀಗಾಯಿತು, ಆಗ ತಿಳಿಯದೆ ಹೋದದ್ದು ಈಗ ಹೇಗೆ ಕಾಣುತ್ತದೆ ಎಂಬ ಮಾತುಗಳು ಬಂದಿದ್ದವು. ನಾಲ್ಕೂ ದಿನ ಒಂದೇ ಗೋಳನ್ನು ಒಂದೇ ಬಗೆಯಲ್ಲಿ ಬರೆದವರಿಗೆ ಆದ ಲಾಭ ಕಡಿಮೆ. ಮನಸ್ಸಿನಲ್ಲಿ ನೋವು ತುಂಡು ತುಂಡಾಗಿ ಬರುತ್ತದೆ: ಒಂದು ವಾಸನೆ, ಒಂದು ಕೂಗು, ಒಂದು ಮುಖ. ಅದಕ್ಕೆ ಹಿಂದುಮುಂದು ಇರುವುದಿಲ್ಲ, ಹಾಗಾಗಿ ಮುಗಿಯುವುದೂ ಇಲ್ಲ. ವಾಕ್ಯಕ್ಕೆ ಇಳಿಸುವಾಗ ಮೊದಲು ಯಾವುದು, ನಂತರ ಯಾವುದು, ಯಾರು, ಎಲ್ಲಿ ಎಂದು ತೀರ್ಮಾನಿಸದೆ ವಿಧಿಯಿಲ್ಲ. ಆ ತೀರ್ಮಾನಗಳೇ ನಡೆದದ್ದನ್ನು ನಡೆದುಹೋದದ್ದಾಗಿ ಮಾಡುತ್ತವೆ. 2001ರ ಒಂದು ಅಧ್ಯಯನದಲ್ಲಿ ಹೀಗೆ ಬರೆದ ಹೊಸ ವಿದ್ಯಾರ್ಥಿಗಳ ಕೆಲಸದ ನೆನಪು, ಅಂದರೆ ಲೆಕ್ಕ ಮಾಡುವಾಗ ಅಂಕಿಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವಂಥ ಶಕ್ತಿ, ಕೆಲವು ವಾರಗಳಲ್ಲಿ ಹೆಚ್ಚಿದ್ದು ಕಂಡಿತು. ಕೊರಗಿಗೆ ಖರ್ಚಾಗುತ್ತಿದ್ದ ಗಮನ ಬೇರೆ ಕೆಲಸಕ್ಕೆ ಉಳಿಯಿತೆಂದು ಅದನ್ನು ಅರ್ಥ ಮಾಡಲಾಗಿದೆ.

ಕನ್ನಡದಲ್ಲಿ ಇದನ್ನು ಕಾಣಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಹೋದರೆ ಸಾಕು. ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು 1931ರಲ್ಲಿ ಹುಟ್ಟಿದ ಸಂತೇಶಿವರ ಇರುವುದು ಇಲ್ಲಿಯೇ. ಪ್ಲೇಗು 1898ರಲ್ಲಿ ಬೆಂಗಳೂರಿಗೆ ಬಂದದ್ದು ಆಮೇಲೆ ದಶಕಗಳ ಕಾಲ ಮೈಸೂರು ಸೀಮೆಯ ಹಳ್ಳಿಗಳನ್ನು ಬಿಟ್ಟು ಹೋಗಲಿಲ್ಲ. ಮನೆಯ ಅಟ್ಟದಿಂದ ಇಲಿ ಸತ್ತು ಬಿದ್ದರೆ ಊರವರು ಬಾಗಿಲು ಹಾಕಿಕೊಂಡು ಊರಾಚೆ ಗುಡಿಸಲು ಹಾಕುತ್ತಿದ್ದರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ ಎದ್ದವರು ಕೆಲವೇ ದಿನಗಳಲ್ಲಿ ಹೋಗಿಬಿಡುತ್ತಿದ್ದರು. ಭೈರಪ್ಪನವರು ಬಾಲ್ಯದಲ್ಲೇ ತಾಯಿಯನ್ನೂ ಒಡಹುಟ್ಟಿದವರನ್ನೂ ಈ ರೋಗಕ್ಕೆ ಕಳೆದುಕೊಂಡರು. ಆಮೇಲಿನದು ಓದಿಗಾಗಿ ಅಲೆದಾಟ: ಸಿಕ್ಕಿದ ಸಣ್ಣಪುಟ್ಟ ಕೆಲಸ, ನಡುವೆ ಓದು ಬಿಟ್ಟು ಮುಂಬಯಿಗೆ ಹೋಗಿ ರೈಲು ನಿಲ್ದಾಣದಲ್ಲಿ ಕೂಲಿ, ಸಾಧುಗಳ ಜೊತೆ ಸುತ್ತಾಟ, ಮತ್ತೆ ಮೈಸೂರು. ತಾಯಿಯ ಸಾವು ಎಬ್ಬಿಸಿದ ಪ್ರಶ್ನೆಯೇ ತಮ್ಮನ್ನು ತತ್ತ್ವಶಾಸ್ತ್ರಕ್ಕೆ ಕರೆದೊಯ್ದಿತೆಂದು ಅವರು ಹೇಳಿಕೊಂಡಿದ್ದಾರೆ.

ಈ ಅನುಭವ ಎರಡು ಸಲ ಪುಸ್ತಕವಾಯಿತು, ಎರಡು ಬಗೆಯಲ್ಲಿ. 1970ರಲ್ಲಿ ‘ಗೃಹಭಂಗ’ ಬಂತು. ಆತ್ಮಕಥೆ ‘ಭಿತ್ತಿ’ ಬಂದದ್ದು 1996ರಲ್ಲಿ. ತಾಯಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಮೊದಲನೆಯದು, ಅದಾಗಿ ಇನ್ನೊಂದು ಕಾಲು ಶತಮಾನಕ್ಕೆ ಎರಡನೆಯದು. ‘ಗೃಹಭಂಗ’ ಕಾದಂಬರಿ, ಅದನ್ನು ಆತ್ಮಕಥೆಯೆಂದು ಓದುವುದು ತಪ್ಪು. ಆದರೆ ಅದರ ನೆಲ ಚನ್ನರಾಯಪಟ್ಟಣ-ತಿಪಟೂರು ಸೀಮೆಯದು, ಅದರ ಪ್ಲೇಗು ಲೇಖಕರು ಕಣ್ಣಾರೆ ಕಂಡದ್ದು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ತಾಯಿಯನ್ನು ಕಳೆದುಕೊಂಡ ಹುಡುಗ ವಿಶ್ವ ಈ ಕಾದಂಬರಿಯ ಕೇಂದ್ರದಲ್ಲಿಲ್ಲ. ಕೇಂದ್ರದಲ್ಲಿ ಇರುವವಳು ತಾಯಿ ನಂಜಮ್ಮ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಊರಿನ ಲೆಕ್ಕವನ್ನು ಬರೆಯುವವಳು, ಮಕ್ಕಳ ಹೊಟ್ಟೆ ಹೊರೆಯುವವಳು ಅವಳು. ಪಾರ್ವತಿ, ರಾಮಣ್ಣ ಎಂಬ ಇಬ್ಬರು ಮಕ್ಕಳನ್ನು ಪ್ಲೇಗಿಗೆ ಒಪ್ಪಿಸಿ ಕಡೆಗೆ ತಾನೂ ಅದಕ್ಕೇ ತುತ್ತಾಗುತ್ತಾಳೆ. ಊರಿನ ಕಂದಾಯದ ಪುಸ್ತಕಗಳಲ್ಲಿ ಸಾಲುಸಾಲು ಬರೆದ ಹೆಂಗಸಿಗೆ ತನ್ನದೊಂದು ಸಾಲು ಬರೆದುಕೊಳ್ಳುವ ಬಿಡುವು ಸಿಗಲಿಲ್ಲ. ಆ ಬರವಣಿಗೆ ಮುಂದಿನ ತಲೆಮಾರಿಗೆ ಉಳಿಯಿತು.

ನೋವುಂಡವನು ತನ್ನನ್ನು ಪಕ್ಕಕ್ಕೆ ಸರಿಸಿ ಅದೇ ಮನೆಯನ್ನು ಇನ್ನೊಬ್ಬರ ಕಣ್ಣಿನಿಂದ ನೋಡುವುದು ದೊಡ್ಡ ಕೆಲಸ. ಬಾಯಿಬಡುಕಿ ಅತ್ತೆ ಗಂಗಮ್ಮನನ್ನೂ ಹೊಟ್ಟೆಬಾಕ ಗಂಡನನ್ನೂ ಕಾದಂಬರಿ ಕಟಕಟೆಯಲ್ಲಿ ನಿಲ್ಲಿಸಿ ಶಿಕ್ಷೆ ವಿಧಿಸುವುದಿಲ್ಲ. ಅವರ ಬೈಗುಳ, ಅವರ ಹಸಿವು, ಅವರ ದಡ್ಡತನ ಇದ್ದ ಹಾಗೇ ಬರುತ್ತವೆ. ಓದುಗರಿಗೆ ಸಿಟ್ಟಿನ ಜೊತೆ ಮರುಕವೂ ಹುಟ್ಟುತ್ತದೆ. ಬರೆಯುವವರ ಒಳಗಿನ ಸಿಟ್ಟು ಹದಕ್ಕೆ ಬಾರದಿದ್ದರೆ ಇಂಥ ಬರಹ ಸಾಧ್ಯವಿಲ್ಲ. ಇಪ್ಪತ್ತಾರು ವರ್ಷದ ಮೇಲೆ ‘ಭಿತ್ತಿ’ಯಲ್ಲಿ ‘ನಾನು’ ಎಂದು ನೇರವಾಗಿ ಹೇಳಲು ಬಂದದ್ದಕ್ಕೆ ಮೊದಲು ಅದನ್ನು ಇನ್ನೊಬ್ಬರ ಕಥೆಯಾಗಿ ಬರೆದದ್ದು ದಾರಿ ಮಾಡಿಕೊಟ್ಟಿರಬೇಕು ಎಂದು ಊಹಿಸಬಹುದು. ಇದು ಊಹೆಯೇ, ಬರೆದದ್ದರಿಂದ ಭೈರಪ್ಪನವರ ಗಾಯ ಮಾಯಿತೆಂದು ಹೇಳಲು ಯಾವ ಅಳತೆಗೋಲೂ ಇಲ್ಲ, ಅವರ ಕೃತಿಗಳನ್ನು ಚಿಕಿತ್ಸೆಯ ಕಡತವಾಗಿ ಓದುವುದು ಸಾಹಿತ್ಯಕ್ಕೆ ಮಾಡುವ ಅನ್ಯಾಯವೂ ಹೌದು.

ದೂರ ನಿಂತು ನೋಡುವುದರ ಬಗ್ಗೆ ಮನೋವಿಜ್ಞಾನದ ಬಳಿಯೂ ಹೇಳಲು ಸಾಕಷ್ಟಿದೆ. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಆಯ್ದುಕ್ ಎಂಬ ವಿಜ್ಞಾನಿಗಳು 2005ರಿಂದ ನಡೆಸಿದ ಪ್ರಯೋಗಗಳಲ್ಲಿ, ನೋವಿನ ಘಟನೆಯನ್ನು ಮತ್ತೆ ಅದರೊಳಗೇ ಹೊಕ್ಕು ಅನುಭವಿಸಿದವರ ಸಂಕಟ ಹೆಚ್ಚಿತು. ಆಚೆ ನಿಂತ ಮತ್ತೊಬ್ಬರ ಹಾಗೆ ತಮ್ಮನ್ನೇ ನೋಡುತ್ತ, ಇವರಿಗೆ ಯಾಕೆ ಹೀಗನಿಸಿತು ಎಂದು ಕೇಳಿಕೊಂಡವರ ಸಂಕಟ ಇಳಿಯಿತು. ಬರೆಯಲು ಕೂತಾಗ ‘ನಾನು’ ಎಂದು ಮುಂದುವರಿಯಲಾರದವರು ‘ಆ ಹುಡುಗಿ’, ‘ಅವನು’ ಎಂದು ಶುರು ಮಾಡಬಹುದು ಎಂಬುದಕ್ಕೆ ಹೀಗೊಂದು ಆಧಾರವಿದೆ. ಕಥೆ ಬರೆಯುವವರು ಇದನ್ನು ಮೊದಲಿಂದಲೂ ಬಲ್ಲರು.

ಹಾಸನ ಪಟ್ಟಣದಿಂದಲೇ ಇನ್ನೊಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಲೇಖಕಿ ಬಾನು ಮುಷ್ತಾಕ್ ಅವರು ಮದುವೆಯ ನಂತರ ಮನೆಗೆಲಸದಲ್ಲೇ ಮುಳುಗಬೇಕಾಗಿ ಬಂದದ್ದನ್ನೂ, 29ರ ವಯಸ್ಸಿನಲ್ಲಿ ಬಾಣಂತನದ ಖಿನ್ನತೆಯಿಂದ ಬಳಲಿದ್ದನ್ನೂ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಬರೆಯಬೇಕೆಂಬ ಆಸೆ ಮೊದಲೇ ಇತ್ತು, ಬರೆಯಲು ವಿಷಯ ಸಿಕ್ಕಿದ್ದು ಆ ದಿನಗಳಿಂದ. ಅವರು ಬರೆದದ್ದು ಆತ್ಮಕಥೆಯನ್ನಲ್ಲ, ಸುತ್ತಲಿನ ಹೆಂಗಸರ ಕಥೆಗಳನ್ನು. ಮುಂದೆ ಪತ್ರಕರ್ತೆಯಾಗಿ, ವಕೀಲೆಯಾಗಿ ಅವರು ಅಂಥದೇ ಹೆಂಗಸರ ದೂರುಗಳನ್ನು ಕೇಳಿಸಿಕೊಂಡರು. ಆ ಕಥೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಬಂತು. ಬಾಣಂತಿಯ ಖಿನ್ನತೆಯನ್ನು ಗ್ರಹಚಾರವೆಂದೋ ಸೋಮಾರಿತನವೆಂದೋ ತಳ್ಳಿಹಾಕುವ ಮನೆಗಳು ಈಗಲೂ ಇವೆ. ಹೆಸರಾಂತ ಲೇಖಕಿಯೊಬ್ಬರು ಅದನ್ನು ಕಾಯಿಲೆಯೆಂದು ಹೆಸರು ಹಿಡಿದು ಹೇಳಿದ್ದರಿಂದ ಆಗಿರುವ ಉಪಕಾರ ಪ್ರಶಸ್ತಿಯಷ್ಟೇ ದೊಡ್ಡದು.

ಕಾಯಿಲೆಯ ಬರವಣಿಗೆಗೂ ಕನ್ನಡದಲ್ಲಿ ಒಳ್ಳೆಯ ಮಾದರಿಯಿದೆ: ಭಾರತಿ ಬಿ.ವಿ. ಅವರ ‘ಸಾಸಿವೆ ತಂದವಳು’. ಸ್ತನ ಕ್ಯಾನ್ಸರಿನ ಅನುಭವವನ್ನು ಹೇಳುವ ಈ ಪುಸ್ತಕದ ಹೆಸರು ಸಾವಿಲ್ಲದ ಮನೆಯ ಸಾಸಿವೆಗಾಗಿ ಅಲೆದ ಕಿಸಾಗೋತಮಿಯ ಕಥೆಯನ್ನು ನೆನಪಿಗೆ ತರುತ್ತದೆ. ಜಾತಿಯ ಅವಮಾನವನ್ನು ಬರೆದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಬೇರೆಯದೇ ಬಗೆಯ ಬರಹಗಳು. ಅಲ್ಲಿ ಗಾಯ ಮಾಡಿದ್ದು ರೋಗವಲ್ಲ, ಜನ. ಅಂಥ ಗಾಯವನ್ನು ಬಚ್ಚಿಟ್ಟ ನೋಟುಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾದರೆ ಮಾಯುವುದಿಲ್ಲ. ಅದನ್ನು ಮಾಡಿದವರೂ ಓದಬೇಕು, ಅನುಭವಿಸಿದ ಇತರರೂ ಓದಿ ತಾವೊಬ್ಬರೇ ಅಲ್ಲವೆಂದು ತಿಳಿಯಬೇಕು.

ಸಾಮಾನ್ಯರು ಇದನ್ನು ಮಾಡುವ ಕ್ರಮ ಸುಲಭದ್ದು. ಮೂರು ಅಥವಾ ನಾಲ್ಕು ದಿನ, ದಿನಕ್ಕೆ 15ರಿಂದ 20 ನಿಮಿಷ, ಯಾರೂ ಕರೆಯದ ಹೊತ್ತು ನೋಡಿಕೊಂಡು ಒಂದೇ ಸಂಗತಿಯ ಬಗ್ಗೆ ನಿಲ್ಲಿಸದೆ ಬರೆಯಬೇಕು. ಒತ್ತಕ್ಷರ, ದೀರ್ಘ, ವಾಕ್ಯದ ಅಂದಚೆಂದ ಯಾವುದನ್ನೂ ನೋಡಬಾರದು. ಏನು ನಡೆಯಿತು ಎಂಬುದರ ಜೊತೆಗೆ ಆಗ ಏನನಿಸಿತು, ಈಗ ಏನನಿಸುತ್ತದೆ ಎಂಬುದೂ ಬರಬೇಕು. ಭಾಷೆ ಮನೆಯ ಮಾತಿನದೇ ಇರಲಿ. ಶಾಲೆಯಲ್ಲಿ ಕಲಿತ ಗ್ರಂಥದ ಕನ್ನಡದಲ್ಲಿ ಬರೆಯಲು ಹೊರಟರೆ ಅಳುವೂ ಸಿಟ್ಟೂ ಪ್ರಬಂಧದ ಪೋಷಾಕು ತೊಟ್ಟುಕೊಂಡು ಬರುತ್ತವೆ. ಅವ್ವ ಬೈದದ್ದನ್ನು ಅವ್ವನ ಮಾತಿನಲ್ಲೇ ಬರೆದರೆ ಘಟನೆ ಎದುರಿಗೆ ನಿಲ್ಲುತ್ತದೆ. ಬರೆದಾದ ಮೇಲೆ ಗಂಟೆಯೊಪ್ಪತ್ತು ಮನಸ್ಸು ಮಂಕಾಗಿರುವುದು ಸಹಜ. ಆದ್ದರಿಂದ ಮಲಗುವ ಮುನ್ನ ಬರೆಯುವುದಕ್ಕಿಂತ, ಮುಗಿದ ಮೇಲೆ ಬೇರೊಂದು ಕೆಲಸಕ್ಕೆ ಕೈ ಹಾಕಬಹುದಾದ ಹೊತ್ತಿನಲ್ಲಿ ಬರೆಯುವುದು ಲೇಸು.

ಬರೆದ ಹಾಳೆಗಳನ್ನು ಏನು ಮಾಡಬೇಕೆಂಬುದು ಹಳ್ಳಿಯ ತುಂಬಿದ ಮನೆಯಲ್ಲಿ ಸಣ್ಣ ಪ್ರಶ್ನೆಯಲ್ಲ. ಸೊಸೆಯ ನೋಟುಪುಸ್ತಕ ಅತ್ತೆಯ ಕೈಗೆ ಸಿಕ್ಕರೆ, ಮಗಳದ್ದು ಅಣ್ಣನ ಕೈಗೆ ಸಿಕ್ಕರೆ, ಗುಣವಾಗಲೆಂದು ಬರೆದದ್ದೇ ಹೊಸ ಗಾಯಕ್ಕೆ ದಾರಿಯಾದೀತು. ಹರಿದು ಒಲೆಗೆ ಹಾಕಿದರೂ ಬರೆದದ್ದರ ಫಲ ಹೋಗುವುದಿಲ್ಲ, ಏಕೆಂದರೆ ಫಲ ಇರುವುದು ಬರೆಯುವ ಕೆಲಸದಲ್ಲಿ. ಅಚ್ಚು ಹಾಕಿಸುವ ಯೋಚನೆಯನ್ನು ಇದರಿಂದ ಬೇರೆಯಾಗಿಯೇ ಇಡಬೇಕು. ಒಬ್ಬರ ಬದುಕಿನ ಕಥೆಯಲ್ಲಿ ಗಂಡ, ಅಣ್ಣತಮ್ಮ, ನೆರೆಯವರು, ಸತ್ತವರು ಎಲ್ಲರೂ ಬರುತ್ತಾರೆ, ಅವರಿಗೂ ಮಾನವಿದೆ. ಅಚ್ಚಿಗೆ ಕೊಡುವ ಮುನ್ನ ವರ್ಷವಾದರೂ ಕಳೆಯಲಿ.

ಎಚ್ಚರಿಕೆಗಳೂ ಇವೆ. ಘಟನೆ ನಡೆದ ಕೂಡಲೇ ಬರೆಯಲು ಒತ್ತಾಯಿಸುವುದು ತಪ್ಪು. ಅಪಘಾತ, ಸಾವು ಕಂಡವರನ್ನು ಆಗಲೇ ಕೂರಿಸಿ ಎಲ್ಲವನ್ನೂ ಒಮ್ಮೆಗೇ ಹೇಳಿಸುವ ಪದ್ಧತಿಯಿಂದ ಮುಂದಿನ ಮಾನಸಿಕ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಕೆಡುಕೂ ಆಗಬಹುದು ಎಂದು ಪರಿಶೀಲನೆಗಳು ತೋರಿಸಿವೆ. ಹತ್ತಿರದವರನ್ನು ಕಳೆದುಕೊಂಡವರ ಮೇಲೆ ನೆದರ್‌ಲೆಂಡ್ಸಿನಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬರವಣಿಗೆಯಿಂದ ವಿಶೇಷ ಪ್ರಯೋಜನ ಕಾಣಲಿಲ್ಲ. ಸಹಜವಾದ ದುಃಖ ತನ್ನ ದಾರಿಯಲ್ಲೇ ಇಳಿಯುತ್ತದೆ. ಮದುವೆ ಮುರಿದವರ ಮೇಲಿನ 2013ರ ಅಧ್ಯಯನವೊಂದರಲ್ಲಂತೂ, ಆದದ್ದನ್ನೇ ಸದಾ ಮೆಲುಕು ಹಾಕುವ ಸ್ವಭಾವದವರು ಭಾವನೆಗಳನ್ನು ಬರೆದಾಗ ಚೇತರಿಕೆ ಹಿಂದೆ ಬಿತ್ತು. ಅವರಿಗೆ ದಿನದ ಸಾಮಾನ್ಯ ಕೆಲಸಗಳನ್ನು ಬರೆಯುವುದೇ ಒಳ್ಳೆಯದಾಯಿತು. ಒಂದು ವಿಷಯ ತಡೆಯಲಾರದಷ್ಟು ಕಲಕುತ್ತದೆ ಎನಿಸಿದರೆ ಅದನ್ನು ಬಿಟ್ಟು ಬೇರೊಂದನ್ನು ಬರೆಯಬೇಕು, ಇಲ್ಲವೇ ಪೆನ್ನು ಕೆಳಗಿಡಬೇಕು ಎಂಬುದು ಪೆನ್ನೆಬೇಕರ್ ಅವರೇ ಹೇಳಿದ ನಿಯಮ. ಬದುಕೇ ಬೇಡ ಎನಿಸುವವರಿಗೆ, ವಾರಗಟ್ಟಲೆ ನಿದ್ದೆ-ಊಟ ಬಿಟ್ಟವರಿಗೆ ನೋಟುಪುಸ್ತಕ ಸಾಲದು, ವೈದ್ಯರು ಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ವೈದ್ಯರ ಕೈಯಲ್ಲೂ ಬರವಣಿಗೆ ಈಗ ಚಿಕಿತ್ಸೆಯಾಗಿದೆ. ಅಮೆರಿಕದ ಡೆನೀಸ್ ಸ್ಲೋನ್ ಮತ್ತು ಸಂಗಡಿಗರು ಆಘಾತದ ನಂತರದ ಮನೋವ್ಯಾಧಿಗೆ ಐದೇ ಭೇಟಿಗಳ ಬರವಣಿಗೆ ಚಿಕಿತ್ಸೆಯನ್ನು ರೂಪಿಸಿದರು. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಹನ್ನೆರಡು ಭೇಟಿಗಳ ಹೆಸರಾಂತ ಚಿಕಿತ್ಸೆಗೆ ಸರಿಸಮವಾಗಿ ನಿಂತಿತು. ಅರ್ಧಕ್ಕೆ ಬಿಟ್ಟು ಹೋದವರು ಉದ್ದದ ಚಿಕಿತ್ಸೆಯಲ್ಲಿ 100ಕ್ಕೆ ಸುಮಾರು 40 ಮಂದಿಯಾದರೆ ಇದರಲ್ಲಿ ಆರೇ ಮಂದಿ. ಆಸ್ಪತ್ರೆಗೆ ಬಸ್ಸು ಹಿಡಿದು ಒಂದು ದಿನದ ಕೂಲಿ ಬಿಟ್ಟು ಬರಬೇಕಾದ ನಮ್ಮ ಜನಕ್ಕೆ ಭೇಟಿಗಳು ಕಡಿಮೆಯಾಗುವುದು ದೊಡ್ಡ ಅನುಕೂಲ.

ಓದುಬರಹ ಬಾರದವರ ಪಾಡು? ಅವರಿಗೆ ಹಾಡು ಇತ್ತು. ಬೆಳಗಿನ ಜಾವ ರಾಗಿಕಲ್ಲಿನ ಮುಂದೆ ಕೂತ ಹೆಂಗಸು ತವರಿನ ನೆನಪು, ಅತ್ತೆಮನೆಯ ಕಾಟ, ಸತ್ತ ಕೂಸು ಎಲ್ಲವನ್ನೂ ತ್ರಿಪದಿಯಲ್ಲಿ ಕಟ್ಟಿ ಹಾಡುತ್ತಿದ್ದಳು. ಮೂರು ಸಾಲಿನ ಕಟ್ಟಿಗೆ ಒಗ್ಗಿಸಲು ನೋವನ್ನು ಆಯಬೇಕು, ಅಳೆಯಬೇಕು, ಮುಗಿಸಬೇಕು. ಬರವಣಿಗೆ ಮಾಡುವ ಕೆಲಸವೂ ಅದೇ. ಹಿಟ್ಟಿನ ಗಿರಣಿ ಬಂದು ಕೈಗೆ ಬಿಡುವಾಯಿತು. ಹಾಡಿಕೊಳ್ಳುವ ಆ ಹೊತ್ತು ಮಾತ್ರ ಹೋಯಿತು.

ಅದರ ಜಾಗಕ್ಕೆ ಬೇರೆ ಏರ್ಪಾಡುಗಳು ಬರಬೇಕಾಗಿವೆ. ವಯಸ್ಸಾದವರು ಹಳೆಯದನ್ನು ಹೇಳಿದ್ದೇ ಹೇಳುವುದು ಅರಳುಮರುಳಲ್ಲ, ಬದುಕಿನ ಲೆಕ್ಕ ಹೊಂದಿಸಿಕೊಳ್ಳುವ ಸಹಜ ಕ್ರಿಯೆ ಎಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ವಾದಿಸಿದ್ದರು. ಯುದ್ಧದಿಂದ ಓಡಿಬಂದ ನಿರಾಶ್ರಿತರಿಗಾಗಿ ಜರ್ಮನಿಯ ಮನೋವಿಜ್ಞಾನಿಗಳು ರೂಪಿಸಿದ, ಉಗಾಂಡದ ಶಿಬಿರಗಳಲ್ಲಿ ಬಳಸಿದ ವಿಧಾನವೊಂದಿದೆ. ನೆಲದ ಮೇಲೆ ಒಂದು ಹಗ್ಗ ಹಾಸಿ, ಹುಟ್ಟಿನಿಂದ ಇಂದಿನವರೆಗೆ ಒಳ್ಳೆಯದು ನಡೆದಲ್ಲೆಲ್ಲ ಹೂವು, ಕೆಟ್ಟದ್ದು ನಡೆದಲ್ಲೆಲ್ಲ ಕಲ್ಲು ಇಡಿಸುತ್ತಾರೆ. ಆಮೇಲೆ ಒಂದೊಂದರ ಕಥೆಯನ್ನೂ ಹೇಳಿಸಿ ಕೇಳುವವರು ಬರೆದುಕೊಳ್ಳುತ್ತಾರೆ; ಮುಂದಿನ ಭೇಟಿಯಲ್ಲಿ ಬರೆದದ್ದನ್ನು ಓದಿ ಹೇಳಿ ತಿದ್ದಿಸುತ್ತಾರೆ; ಎಲ್ಲ ಮುಗಿದ ಮೇಲೆ ಆ ಬದುಕಿನ ಕಥೆಯ ಪ್ರತಿಯನ್ನು ಹೇಳಿದವರಿಗೇ ಕೊಡುತ್ತಾರೆ. ಕಲ್ಲುಗಳ ಕಥೆಯನ್ನು ಬಿಚ್ಚಿಸುವುದು ತರಬೇತಾದವರ ಕೆಲಸ, ಮನೆಯವರು ಕೈ ಹಾಕುವಂಥದ್ದಲ್ಲ. ಆದರೆ ಅಜ್ಜಿ ತಾನಾಗಿ ಹೇಳಿದ್ದನ್ನು ಮೊಮ್ಮಗಳು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಅಜ್ಜಿಯ ಮಾತಿನಲ್ಲೇ ಬರೆದು, ಓದಿ ಕೇಳಿಸಿ, ಬೇಡವೆಂದದ್ದನ್ನು ತೆಗೆದು, ಪ್ರತಿಯನ್ನು ಅಜ್ಜಿಯ ಕೈಗೇ ಕೊಡುವುದಕ್ಕೆ ಯಾವ ತರಬೇತಿಯೂ ಬೇಡ.